ನೌಕೆಯೊಳಗೆ ಯಾರೂ ಇಲ್ಲ

ವಿಜಯೀಂದ್ರ ತಡಕೋಡ ಮಾತಾಡಲು ನಿಂತರೆ ಶಾಲೆಯ ಮಕ್ಕಳು ಕೈಯಲ್ಲಿದ್ದ ಚಕ್ಕುಲಿಯನ್ನು ಬಾಯಿಗಿಡುವುದನ್ನೂ ಮರೆಯುತ್ತಿದ್ದರು. ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆಯಿಂದ ತುಸು ಒಳಗಿರುವ ಆ ಖಾಸಗಿ ವಿಜ್ಞಾನ ಸಂಗ್ರಹಾಲಯದಲ್ಲಿ ಬೇರೆ ಗೈಡುಗಳೂ ಇದ್ದರು. ಆದರೂ ಪ್ರವಾಸ ಗೊತ್ತುಮಾಡುವ ಶಿಕ್ಷಕರು ಫೋನಿನಲ್ಲೇ ಕೇಳಿಕೊಳ್ಳುತ್ತಿದ್ದರು, ಆ ದಿನ ತಡಕೋಡ ಸರ್ ಇರುತ್ತಾರೋ ಇಲ್ಲವೋ ಎಂದು.

ಅವರಿಗೆ ವಹಿಸಿದ್ದು ನೌಕೆ. ದೊಡ್ಡ ಹಾಲಿನ ನಡುವೆ ಮೂರು ಗಾಲಿಗಳ ಮೇಲೆ ನಿಂತಿದ್ದ ಅದು ದೂರದಿಂದ ಗಿಡ್ಡ ರೆಕ್ಕೆಯ ವಿಮಾನದಂತೆ ಕಾಣುತ್ತಿತ್ತು. ಬೆನ್ನು ಬಿಳಿ, ಹೊಟ್ಟೆ ಕಪ್ಪು. ಅಮೆರಿಕದವರು ಮನುಷ್ಯರನ್ನು ಕೂರಿಸಿ ಆಕಾಶಕ್ಕೆ ಕಳಿಸಿ, ಇಳಿಸಿಕೊಂಡು, ಮತ್ತೆ ಅದನ್ನೇ ಕಳಿಸುತ್ತಿದ್ದ ನೌಕೆಯ ಮಾದರಿ. ನಿಜವಾದದ್ದರ ಮೂರನೇ ಒಂದು ಅಳತೆ. ಕಬ್ಬಿಣದ ಚೌಕಟ್ಟು, ಒಳಗೆ ಪ್ಲೈವುಡ್, ಮೇಲೆ ಫೈಬರ್. ಬಾಲದ ಕಡೆಯ ಬಾಗಿಲಿನಿಂದ ಮಕ್ಕಳು ಬಗ್ಗಿ ಒಳಹೊಕ್ಕು, ಉಪಗ್ರಹಗಳನ್ನು ಹೊರುತ್ತಿದ್ದ ಉದ್ದನೆಯ ಸರಕು ಕೋಣೆ ದಾಟಿ, ಯಾತ್ರಿಗಳ ಕೋಣೆಗೆ ಬರುತ್ತಿದ್ದರು. ಗೋಡೆಗೆ ಕಟ್ಟಿದ ಮಲಗುವ ಚೀಲಗಳು, ಪುಟ್ಟ ಅಡುಗೆ ಕಪಾಟು, ಪರದೆ ಹಾಕಿದ ಪಾಯಖಾನೆ, ಎಲ್ಲವೂ ಅಲ್ಲಿದ್ದವು. ಅಲ್ಲಿಂದ ಏಣಿ ಹತ್ತಿದರೆ ಚಾಲಕರ ಕುರ್ಚಿ. ಕುರ್ಚಿಯಲ್ಲಿ ಕೂತವರಿಗೆ ಉಡಾವಣೆಯ ಗುಡುಗು ಕೇಳಿಸುತ್ತಿತ್ತು, ಕುರ್ಚಿ ಗಡಗಡ ನಡುಗುತ್ತಿತ್ತು. ಆಮೇಲೆ ಕೆಳಗಿಳಿದು ಪಕ್ಕದ ದುಂಡು ಬಾಗಿಲಿನಿಂದ ಜಾರುಬಂಡೆಯ ಮೇಲೆ ಹೊರಗೆ.

ಹಿಂದಿನ ರಾಕೆಟ್ಟುಗಳೆಲ್ಲ ಸಮುದ್ರಕ್ಕೆ ಬಿದ್ದು ಹೋಗುತ್ತಿದ್ದವು, ಇದು ಮಾತ್ರ ಮನೆಗೆ ಬರುತ್ತಿತ್ತು ಎಂದು ತಡಕೋಡರು ಶುರುಮಾಡುತ್ತಿದ್ದರು. ಬರುವಾಗ ಇಂಜಿನ್ ಇಲ್ಲ, ಗಾಳಿಯ ಮೇಲೆ ತೇಲಿ ಇಳಿಯಬೇಕು, ತಪ್ಪಿದರೆ ಮತ್ತೊಂದು ಸುತ್ತು ಹೊಡೆದು ಬರುವಂತಿಲ್ಲ. ಎಲ್ಲಾ ನೌಕೆಗಳೂ ತಿರುಗಿ ಬಂದವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಎರಡು ಬರಲಿಲ್ಲ ಎಂದು ಅವರು ಮುಚ್ಚಿಡದೆ ಹೇಳುತ್ತಿದ್ದರು.

ಮುಚ್ಚಿಟ್ಟಿದ್ದ ವಿಷಯ ಬೇರೆಯೇ ಇತ್ತು. ತಡಕೋಡರ ಕಣ್ಣು ಹೋಗುತ್ತಿತ್ತು.

ಮೊದಲು ಹೋದದ್ದು ಕತ್ತಲೆಯ ನೋಟ. ಆಗ ಅವರು ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಸಂಜೆಯ ಕ್ಲಾಸು ಮುಗಿಸಿ ಇಳಿಯುವಾಗ ಮೆಟ್ಟಿಲು ಕಾಣದೆ ಬಿದ್ದರು. ಒಂದು ತಿಂಗಳಲ್ಲಿ ಮತ್ತೆ ಬಿದ್ದರು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಇದು ವಂಶದಲ್ಲಿ ಬರುವ ರೋಗ, ಕಣ್ಣಿನ ಒಳಪರದೆ ಅಂಚಿನಿಂದ ಒಣಗುತ್ತ ಬರುತ್ತದೆ, ಸದ್ಯಕ್ಕೆ ಔಷಧವಿಲ್ಲ ಎಂದರು. ನಡುವಿನ ನೋಟ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಅಲ್ಲಿಯವರೆಗೆ ಕೊಳವೆಯೊಳಗಿಂದ ನೋಡಿದ ಹಾಗೆ ಇರುತ್ತದೆ ಎಂದರು. ತಡಕೋಡರ ಸೋದರಮಾವ ಗದುಗಿನಲ್ಲಿ ಗೋಡೆ ಹಿಡಿದುಕೊಂಡೇ ಮುಪ್ಪಾದವರು. ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಕೋಚಿಂಗ್ ಸೆಂಟರಿನಲ್ಲಿ ಯಾರಿಗಾದರೂ ಗೊತ್ತಾಗುವ ಮುಂಚೆ ಅವರು ಕೆಲಸ ಬಿಟ್ಟರು. ಸಂಗ್ರಹಾಲಯದ ಕೆಲಸ ಹಗಲಿನದು, ಹಾಲಿನ ತುಂಬ ದೀಪ, ದಿನವೂ ಅದೇ ದಾರಿ. ಯಾವ ಕಂಬ ಎಲ್ಲಿದೆ, ಯಾವ ಬೆಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲ ವಾರದಲ್ಲೇ ಭುಜಕ್ಕೆ, ಮೊಣಕಾಲಿಗೆ ಕಲಿಸಿಕೊಂಡರು. ಎದುರಿಗಿದ್ದ ಮುಖ ಚೆನ್ನಾಗಿ ಕಾಣುತ್ತಿತ್ತು, ಪೇಪರು ಓದುತ್ತಿದ್ದರು. ಸ್ಕೂಟರು ಮಾರಿ, ನಡೆದರೆ ಸಕ್ಕರೆ ಕಾಯಿಲೆ ಹತ್ತಿರ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ಪಕ್ಕದಿಂದ ಯಾರಾದರೂ ಚಾಚಿದ ಕೈ ಕಾಣದೆ ಹೋದರೆ ಏನೋ ಯೋಚನೆಯಲ್ಲಿದ್ದೆ ಎನ್ನುತ್ತಿದ್ದರು. ಮೇಷ್ಟ್ರುಗಳ ಮನೆತನ, ಯೋಚನೆಯಲ್ಲಿದ್ದೆ ಎಂದರೆ ಜನ ನಂಬುತ್ತಿದ್ದರು.

ಹೆಂಡತಿ ಸುಲಭಾಗೆ ಮಾತ್ರ ಗೊತ್ತಿತ್ತು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಆಕೆ ಮನೆಯಲ್ಲಿ ಸ್ಟೂಲು, ಬಕೆಟ್ಟು ದಾರಿಯಲ್ಲಿ ಬಿಡುವುದನ್ನು ನಿಲ್ಲಿಸಿದ್ದಳು. ಸಂಗ್ರಹಾಲಯದ ಮುಖ್ಯಸ್ಥೆಗೆ ಹೇಳಿಬಿಡಿ ಎಂದು ಆಕೆ ಎಷ್ಟೋ ಸಲ ಹೇಳಿದ್ದಳು. ಆ ಮುಖ್ಯಸ್ಥೆ ಅನ್ನಾ ಸೊಲೊಮನ್, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಮಾತು ಕಡಿಮೆ, ನ್ಯಾಯವಂತರು.

“ಅನ್ನಾ ಮೇಡಮ್ಮರು ತಿಳಕೊಳ್ಳೋ ಮಂದಿ,” ಎಂದಳು ಸುಲಭಾ ಒಂದು ಬೆಳಿಗ್ಗೆ. “ನೀವು ಹೇಳೂದು ತಡಾ ಮಾಡಿದಷ್ಟು ಅದು ಸುಳ್ಳ ಆಗ್ಲಿಕ್ಕತ್ತದ.”

“ಪ್ರವಾಸದ ದಿವಸ ಮುಗೀಲಿ. ಹೇಳ್ತೇನಿ,” ಎಂದರು ತಡಕೋಡರು. ಹಿಂದಿನ ವರ್ಷವೂ ಹಾಗೆಯೇ ಹೇಳಿದ್ದರು.

ಡಿಸೆಂಬರಿನಲ್ಲಿ ನೌಕೆಯ ಪ್ಲೈವುಡ್ಡಿಗೆ ಹುಳು ಹತ್ತಿದ್ದು ಗೊತ್ತಾಯಿತು. ಮಲಗುವ ಚೀಲಗಳ ಕೆಳಗೆ ಸಣ್ಣ ಹಿಟ್ಟು ಉದುರುತ್ತಿತ್ತು. ಒಂದು ಶನಿವಾರ ಮಧ್ಯಾಹ್ನದಿಂದ ಸಂಗ್ರಹಾಲಯ ಮುಚ್ಚಿ, ನೌಕೆಯ ಸಂದುಗಳಿಗೆಲ್ಲ ಟೇಪು ಹಚ್ಚಿ, ಒಳಗೆ ಔಷಧದ ಹೊಗೆ ತುಂಬಿ ಬಿಡುವುದೆಂದು ತೀರ್ಮಾನವಾಯಿತು. ಹೊಗೆ ಹಾಕುವ ಕೆಲಸದವರ ಮುಖಂಡ ಹನಮೇಶ ಎರಡು ದಿನ ಮೊದಲೇ ಬಂದು ನೋಡಿಹೋದ. ಇದು ಸೊಳ್ಳೆಯ ಹೊಗೆ ಅಲ್ಲ, ಒಳಗೆ ಇಲಿಯಿದ್ದರೆ ಇಲಿಯೂ ಉಳಿಯುವುದಿಲ್ಲ, ನಾವು ಶುರುಮಾಡಿದ ಮೇಲೆ ಯಾರೂ ಹಾಲಿಗೆ ಕಾಲಿಡಬಾರದು ಎಂದು ಸಿಬ್ಬಂದಿಗೆಲ್ಲ ಎಚ್ಚರಿಸಿದ.

ಆ ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ಕೇಶ್ವಾಪುರ ಕಡೆಯ ಒಂದು ಶಾಲೆಯ ನಾಲ್ಕನೇ ಇಯತ್ತೆಯ ಮಕ್ಕಳು ಬರುವುದು ಮೊದಲೇ ನಿಶ್ಚಯವಾಗಿತ್ತು. ಅವರೊಂದಿಗೆ ಬಂದವರು ಸಿಂಥಿಯಾ ಟೀಚರ್, ಚುರುಕಾದ, ಎಳೆಯ ವಯಸ್ಸಿನ ಹೆಣ್ಣುಮಗಳು. ತಡಕೋಡರು ಮಕ್ಕಳನ್ನು ಗುಂಪು ಗುಂಪಾಗಿ ನೌಕೆಯೊಳಗೆ ಬಿಟ್ಟರು. ಬಾಹ್ಯಾಕಾಶದಲ್ಲಿ ಪಾಯಖಾನೆಗೆ ಹೇಗೆ ಹೋಗುತ್ತಾರೆ ಎಂಬ ಮಾತಿಗೆ ಮಕ್ಕಳು ಎಂದಿನಂತೆ ಬಿದ್ದು ಬಿದ್ದು ನಕ್ಕರು. ಉಡಾವಣೆಯ ಗುಡುಗಿಗೆ ಕಿರುಚಿದರು. ಕೊನೆಯ ಗುಂಪು ಜಾರುಬಂಡೆಯಿಂದ ಇಳಿದು ಊಟದ ಡಬ್ಬಿಗಳ ಕಡೆ ಓಡಿತು.

ಹನಮೇಶನ ಜನ ಆಗಲೇ ಪೈಪು, ಯಂತ್ರ ತಂದು ಹಾಲಿನ ಬಾಗಿಲಲ್ಲಿ ಇಳಿಸುತ್ತಿದ್ದರು. ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ ಬೀಗ ಹಾಕುವುದು ತಡಕೋಡರ ಕೆಲಸ. ಅವರು ಟಾರ್ಚು ಹಿಡಿದು, ಬಗ್ಗಿ, ಸರಕು ಕೋಣೆ ದಾಟಿದರು. ಯಾತ್ರಿಗಳ ಕೋಣೆಯಲ್ಲಿ ಮೊಣಕಾಲೂರಿ ಕೂತು ಟಾರ್ಚನ್ನು ಒಂದು ಸುತ್ತು ತಿರುಗಿಸಿದರು. ಚೀಲ, ಕಪಾಟು, ಪರದೆ, ಏಣಿ. ಬೆಳಕು ಎಲ್ಲ ಕಡೆ ಹೋಯಿತು. ಅವರ ನೋಟ ಬೆಳಕಿನ ಜೊತೆ ಎಲ್ಲ ಕಡೆ ಹೋಗಲಿಲ್ಲ. ಏಣಿ ಹತ್ತಿ ಕುರ್ಚಿಗಳನ್ನು ಕೈಯಿಂದ ಮುಟ್ಟಿ ನೋಡಿ, ಸ್ವಿಚ್ಚು ಆರಿಸಿ, ಹೊರಗೆ ಬಂದು ಎರಡೂ ಬಾಗಿಲಿಗೆ ಬೀಗ ಹಾಕಿದರು.

“ಸರ, ಒಳಗ ಯಾರೂ ಇಲ್ಲಲ್ರಿ?” ಹನಮೇಶ ಕೇಳಿದ.

“ಯಾರೂ ಇಲ್ಲ. ನೀವು ಶುರು ಮಾಡ್ರಿ.”

ಊಟ ಮುಗಿದು ಬಸ್ಸಿನಲ್ಲಿ ಮಕ್ಕಳನ್ನು ಕೂರಿಸಿ ಎಣಿಸಿದಾಗ ಒಂದು ಕಡಿಮೆ ಬಿತ್ತು. ಸಿಂಥಿಯಾ ಟೀಚರ್ ಮತ್ತೆ ಎಣಿಸಿದರು. ಆಮೇಲೆ ಹೆಸರು ಹಿಡಿದು ಕೂಗಿದರು. ಗಾರ್ಗಿ ಎಂಬ ಹುಡುಗಿ ಇರಲಿಲ್ಲ.

ಕೂಗು ಕೇಳಿ ಅನ್ನಾ ಮೇಡಮ್ ಹೊರಬಂದರು. ಗೇಟಿನವನು ಯಾವ ಮಗುವೂ ದಾಟಿಲ್ಲ ಎಂದ. ಆದರೆ ಹಿಂದಿನ ಕಂಪೌಂಡು ಒಂದು ಕಡೆ ಕುಸಿದಿತ್ತು, ಅದರಾಚೆ ಹೆದ್ದಾರಿ, ಲಾರಿಗಳು. ಅನ್ನಾ ಮೇಡಮ್ ಕೆಲವರನ್ನು ಶೌಚಾಲಯಗಳಿಗೆ, ಕೆಲವರನ್ನು ರಸ್ತೆಗೆ ಓಡಿಸಿ, ತಡಕೋಡರ ಕಡೆ ತಿರುಗಿದರು.

“ನೌಕೆ ಒಳಗ ನೀವ ನೋಡೀರಿ, ಹೌದಲ್ರಿ?”

ಆ ಪ್ರಶ್ನೆ ಬರುತ್ತದೆಂದು ತಡಕೋಡರಿಗೆ ಮೊದಲೇ ಗೊತ್ತಿತ್ತು. ಒಂದು ಮಗು ಕಡಿಮೆ ಎಂದು ಕೇಳಿದ ಕ್ಷಣವೇ ಅವರಿಗೆ ನೌಕೆಯ ನೆನಪಾಗಿತ್ತು. ಟಾರ್ಚು ತಿರುಗಿಸಿದ್ದು ನಿಜ. ಆದರೆ ನೋಡಿದ್ದೇನೆಂದು ಎದೆಮುಟ್ಟಿ ಹೇಳುವುದಾದರೆ, ಒಂದು ಚೀಲದ ಹೊಲಿಗೆ, ಪರದೆಯ ಒಂದು ಅಂಗೈಯಗಲ, ಏಣಿಯ ಎರಡು ಮೆಟ್ಟಿಲು. ಮಿಕ್ಕಿದ್ದೆಲ್ಲ ತಾವು ದಿನವೂ ಮುಟ್ಟಿ ಬಲ್ಲ ಕೋಣೆಯ ನೆನಪು.

“ನೋಡೇನ್ರಿ,” ಎಂದರು.

ಅಷ್ಟಾದ ಮೇಲೆ ಯಾರೂ ನೌಕೆಯ ಮಾತೆತ್ತಲಿಲ್ಲ. ತಡಕೋಡ ಸರ್ ನೋಡಿದ್ದಾರೆ ಎಂದರೆ ಮುಗಿಯಿತು. ಹುಡುಕುವವರೆಲ್ಲ ಹೊರಗಿನ ದಿಕ್ಕಿಗೆ ಹರಿದುಹೋದರು. ಯಾರೋ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಸಿಂಥಿಯಾ ಟೀಚರ್ ಚಪ್ಪಲಿ ಬಿಟ್ಟು ಹೆದ್ದಾರಿಯ ಕಡೆ ಓಡುವುದು ತಡಕೋಡರ ಕಿರಿದಾದ ನೋಟದಲ್ಲಿ ಒಮ್ಮೆ ಬಂದು ಮಾಯವಾಯಿತು.

ಅವರು ಹಾಲಿನ ಬಾಗಿಲ ಬಳಿ ಬಂದು ನಿಂತರು. ಹನಮೇಶನ ಹುಡುಗರು ಟೇಪು ಹಚ್ಚುತ್ತಿದ್ದರು. ಸುರುಳಿಯಿಂದ ಟೇಪು ಕಿತ್ತುಬರುವ ಕರ್ಕಶ ಸದ್ದು ಖಾಲಿ ಹಾಲಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು. ಹೋಗಿ, ಒಂದು ನಿಮಿಷ ತಡೀರಿ, ಇನ್ನೊಮ್ಮೆ ನೋಡುತ್ತೇನೆ ಎಂದರೆ ಸಾಕಿತ್ತು. ಆದರೆ ಯಾಕೆ ಎಂದು ಕೇಳುತ್ತಾರೆ. ಆಗಲೇ ನೋಡಿದ್ದೇನೆ ಎಂದವನು ಮತ್ತೆ ಯಾಕೆ ನೋಡಬೇಕು? ತಾವು ನೋಡಿದರೆ ಮತ್ತೆ ಅಷ್ಟೇ ಕಾಣುವುದು. ಬೇರೆಯವರು ನೋಡಬೇಕು ಎಂದರೆ ಎಲ್ಲವನ್ನೂ ಹೇಳಿದಂತೆ. ಹುಡುಗಿ ತೋಟದಲ್ಲೇ ಇರಬಹುದು ಎಂದು ಮನಸ್ಸು ಹೇಳಿತು. ತೋಟದಲ್ಲೇ ಇರುತ್ತಾಳೆ, ಈಗ ಸಿಕ್ಕುತ್ತಾಳೆ, ಸಿಕ್ಕರೆ ಯಾರಿಗೂ ಏನೂ ಹೇಳುವುದು ಬೇಕಾಗುವುದಿಲ್ಲ. ಅವರು ತೋಟದ ಕಡೆ ನಡೆದರು.

ಗಾರ್ಗಿ, ಗಾರ್ಗಿ ಎಂದು ಕೂಗುತ್ತ ದಾಸವಾಳದ ಗಿಡಗಳ ಸಾಲಿನಲ್ಲಿ ಹೋದರು. ಒಂದು ಪೊದೆ ನೋಡಲು ತಲೆಯನ್ನು ಮೇಲಿಂದ ಕೆಳಗೆ, ಆ ಕಡೆಯಿಂದ ಈ ಕಡೆಗೆ ತಿರುಗಿಸಬೇಕಿತ್ತು. ಕಲ್ಲು ಬೆಂಚಿನ ಹತ್ತಿರ ನಿಂತು ಸುತ್ತ ನೋಡಿದರು. ಯಾರೂ ಇರಲಿಲ್ಲ.

“ಯಾರನ್ನ ಹುಡಕಾಕತ್ತೀರಿ ಸರ?”

ದನಿ ಅವರ ಮೊಣಕಾಲಿನ ಹತ್ತಿರದಿಂದಲೇ ಬಂತು. ತೋಟದ ಕೆಲಸದ ಹೆಂಗಸು ಬೆಂಚಿಗೆ ಒರಗಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಕೆಂಪು ಸೀರೆ, ಬಿಸಿಲು, ನಡುಹಗಲು. ಕೈಚಾಚಿದರೆ ಸಿಗುವಷ್ಟು ಸಮೀಪ. ಈಗಷ್ಟೇ ಆ ಬೆಂಚಿನ ಬಳಿ ಯಾರೂ ಇಲ್ಲವೆಂದು ಅವರು ನೋಡಿದ್ದರು.

ತಡಕೋಡರು ತಿರುಗಿ ಓಡಿದರು. ವರ್ಷಗಳಿಂದ ಅವರು ಓಡಿರಲಿಲ್ಲ. ಅಂಚುಗಲ್ಲಿಗೆ ಕಾಲು ತಾಗಿತು, ಒಂದು ಕುಂಡ ಉರುಳಿತು. ಹಾಲಿನ ಮೆಟ್ಟಿಲು ಹತ್ತುವಾಗ ಯಂತ್ರ ಶುರುವಾದ ಸದ್ದು ಕೇಳಿತು. ಬಾಗಿಲಲ್ಲಿ ಪೈಪು ಎಡವಿ ಮುಖ ಕೆಳಗಾಗಿ ಬಿದ್ದರು. ಬಿದ್ದಲ್ಲಿಂದಲೇ ಹೇಳಿದರು.

“ನಿಲ್ಲಸ್ರಿ. ಒಳಗ ಹುಡುಗಿ ಇರಬಹುದು.”

ಹನಮೇಶ ಯಂತ್ರ ಆರಿಸಿದ. ಮುಖಗವಸು ಮೇಲೆತ್ತಿ, “ನೀವ ನೋಡೀನಿ ಅಂದ್ರೆಲ್ರಿ?” ಎಂದ.

“ನನಗ ಕಣ್ಣು ಕಾಣೂದಿಲ್ಲ. ಅರ್ಧಕ್ಕರ್ಧ ಕಾಣೂದಿಲ್ಲ. ತಗೀರಿ ಬಾಗಿಲಾ.”

ಬಾಲದ ಕಡೆಯಿಂದ ಆಗಲೇ ಸ್ವಲ್ಪ ಹೊಗೆ ಒಳಗೆ ಹೋಗಿತ್ತು. ಪಕ್ಕದ ದುಂಡು ಬಾಗಿಲಿನ ಟೇಪನ್ನು ತಡಕೋಡರು ಉಗುರಿನಿಂದ ಕಿತ್ತರು, ಬೀಗ ತೆಗೆದರು. ಒಳಗೆ ನುಗ್ಗಲು ಬಗ್ಗಿದವರನ್ನು ಹನಮೇಶ ಭುಜ ಹಿಡಿದು ಹಿಂದಕ್ಕೆ ಸರಿಸಿದ. ನಿಮಗ ಮಾಸ್ಕಿಲ್ಲ, ಸರೀರಿ ಎಂದು, ಗವಸು ಇಳಿಸಿಕೊಂಡು, ತಾನೇ ತೂರಿಕೊಂಡು ಹೋದ. ಒಳಗಿಂದ ಅವನ ಮೊಣಕಾಲು ಪ್ಲೈವುಡ್ಡಿಗೆ ಬಡಿಯುವ ಸದ್ದು ಬಂತು. ಆಮೇಲೆ ಕೆಮ್ಮು. ಅದು ದೊಡ್ಡವರ ಕೆಮ್ಮಲ್ಲ.

ಹುಡುಗಿಯನ್ನು ಎದೆಗವಚಿಕೊಂಡು ಅವನು ಜಾರುಬಂಡೆಯ ಮೇಲೆ ಇಳಿದ. ಅವಳ ಕಣ್ಣು ಕೆಂಪಾಗಿತ್ತು, ಮೂಗು ಸುರಿಯುತ್ತಿತ್ತು, ಲಂಗ ಒದ್ದೆಯಾಗಿತ್ತು. ಹನಮೇಶ ನಿಲ್ಲದೆ ಅವಳನ್ನು ಬಯಲಿನ ಗಾಳಿಗೆ ಒಯ್ದ. ತಡಕೋಡರು ಅಲ್ಲೇ ನೌಕೆಯ ಗಾಲಿ ಹಿಡಿದು ಕೂತರು.

ಹುಡುಗಿಯನ್ನು ಅದೇ ರಸ್ತೆಯಲ್ಲಿದ್ದ ದವಾಖಾನೆಗೆ ಒಯ್ದರು. ಹೊಗೆ ಹೆಚ್ಚು ಹೋಗಿಲ್ಲ, ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಮನೆಯವರು ಬರುವತನಕ ಗಾರ್ಗಿಯನ್ನು ಅನ್ನಾ ಮೇಡಮ್ಮರ ಕೋಣೆಯಲ್ಲಿ ಕೂರಿಸಿದರು. ಟೀಚರ ಓಢಣಿ ಸುತ್ತಿಕೊಂಡು, ಬಿಸಿ ಹಾಲಿನ ಲೋಟ ಹಿಡಿದು ಅವಳು ನಡೆದದ್ದನ್ನು ಹೇಳಿದಳು. ಕುರ್ಚಿ ನಡುಗಿ ಗುಡುಗಿದಾಗ ಹೆದರಿಕೆಗೆ ಲಂಗ ಒದ್ದೆಯಾಯಿತು. ಗೆಳತಿಯರು ನೋಡಿದರೆ ನಗುತ್ತಾರೆ. ಎಲ್ಲರೂ ಹೋದ ಮೇಲೆ ಹೋಗೋಣ ಎಂದು ಕೆಳಗಿನ ಕೋಣೆಯಲ್ಲಿ ಪಾಯಖಾನೆಯ ಪರದೆಯ ಪಕ್ಕ ಕೂತಳು. ಅಷ್ಟರಲ್ಲಿ ಕತ್ತಲಾಯಿತು, ಬಾಗಿಲು ಬಿತ್ತು. ಕೂಗಿದಳು, ಬಡಿದಳು. ಹೊರಗೆ ಯಾವುದೋ ಪರಪರ ಸದ್ದು ನಡೆದಿತ್ತು.

“ಸರ್ ನನ್ನ ನೋಡಿದ್ರು,” ಎಂದಳು ಗಾರ್ಗಿ. “ಬ್ಯಾಟರಿ ಬೆಳಕ ನನ್ನ ಮಾರಿ ಮ್ಯಾಲೇ ಬಿತ್ತು. ಯಾರಿಗೂ ಹೇಳಬ್ಯಾಡ್ರಿ ಅಂತ ನಾ ಹಿಂಗ ಬೆರಳ ಇಟ್ಟೆ. ಸರ್ ಸುಮ್ಮನ ಹೋದ್ರು.”

ಅವಳು ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಸರ್ ತನ್ನ ಮಾನ ಉಳಿಸಿದರು ಎಂಬ ನಂಬಿಕೆಯಿತ್ತು.

ಕೋಣೆಯಲ್ಲಿದ್ದವರೆಲ್ಲ ಬಾಗಿಲ ಹತ್ತಿರ ನಿಂತಿದ್ದ ತಡಕೋಡರ ಕಡೆ ತಿರುಗಿದರು. ಸಿಂಥಿಯಾ ಟೀಚರ್ ಎದ್ದು ನಿಂತರು. ಆಕೆ ಅಷ್ಟು ಹೊತ್ತು ಅತ್ತಿದ್ದರು, ಈಗ ಅಳು ನಿಂತಿತ್ತು.

“ಕೂಸು ಒಳಗ ಇದ್ದದ್ದು ನೋಡಿ ಬಾಗಲಾ ಹಾಕಿದ್ರೇನ್ರಿ ನೀವು?”

ತಡಕೋಡರಿಗೆ ಹನಮೇಶನೆದುರು ನೆಲದ ಮೇಲೆ ಬಿದ್ದು ಹೇಳುವಾಗ ಮಾತು ತಾನಾಗಿ ಬಂದಿತ್ತು. ಇಲ್ಲಿ, ಕುರ್ಚಿ ಮೇಜುಗಳ ನಡುವೆ, ಒಂದೊಂದು ಶಬ್ದವನ್ನೂ ಎತ್ತಿ ಇಡಬೇಕಾಯಿತು. ಕೊಳವೆಯ ನೋಟ, ಸೋದರಮಾವ, ಕೋಚಿಂಗ್ ಸೆಂಟರು, ಮಾರಿದ ಸ್ಕೂಟರು, ಎಲ್ಲ ಹೇಳಿದರು. ಬೆಳಕು ಮಗುವಿನ ಮುಖದ ಮೇಲೆ ಬಿದ್ದಿದ್ದರೂ ತಮಗೆ ಪರದೆ ಮಾತ್ರ ಕಂಡಿತ್ತು ಎಂದರು. ಅಷ್ಟರಲ್ಲಿ ಗಾರ್ಗಿಯ ತಂದೆತಾಯಿ ಬಂದರು, ತಂದೆ ಮಗಳನ್ನು ಎತ್ತಿಕೊಂಡು ಯಾರ ಮುಖವನ್ನೂ ನೋಡದೆ ಕಾರಿಗೆ ಹೋದರು. ಗಾರ್ಗಿ ಆ ವಿವರಣೆಯಲ್ಲಿ ಎಷ್ಟು ಕೇಳಿಸಿಕೊಂಡಿದ್ದಳೋ, ಎಷ್ಟು ಅರ್ಥವಾಗಿತ್ತೋ ಯಾರಿಗೂ ತಿಳಿಯಲಿಲ್ಲ. ಅವರು ಹೇಳುವಾಗ ಅವಳು ಕುರ್ಚಿಗೆ ಒರಗಿ ಅರೆನಿದ್ದೆಯಲ್ಲಿದ್ದಳು.

ಆ ವಾರವೆಲ್ಲ ತಡಕೋಡರು ಮನೆಯಲ್ಲೇ ಇದ್ದರು. ಸುಲಭಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಊಟ ಬಡಿಸಿ ತಾಟಿನಲ್ಲಿ ಯಾವುದು ಎಲ್ಲಿದೆ ಎಂದು ಹೇಳುವುದನ್ನು ಮಾತ್ರ ಆಗ ಶುರುಮಾಡಿದಳು. ಗಾರ್ಗಿಯ ತಂದೆ ಪೊಲೀಸ್ ದೂರು ಕೊಡುವವರಿದ್ದರು, ಆಮೇಲೆ ಅದೇಕೋ ಬಿಟ್ಟರು ಎಂಬ ಸುದ್ದಿ ಬಂತು. ಮುಂದಿನ ಭಾನುವಾರ ಅನ್ನಾ ಮೇಡಮ್ ಸಪ್ತಾಪುರದ ಮನೆಗೇ ಬಂದರು. ಚಹಾ ಬೇಡ ಎಂದರು. ಕುರ್ಚಿಯ ತುದಿಯಲ್ಲಿ ಕೂತರು.

“ಒಂದ ಮಾತು ಖರೇ ಹೇಳ್ರಿ,” ಎಂದರು. “ನಾ ಕೇಳಿದಾಗ ನೋಡೇನಿ ಅಂದ್ರಿ. ಆವಾಗ ನಿಮಗ ಸಂಶಯ ಬಂದಿತ್ತೋ ಇಲ್ಲೋ?”

ಇಲ್ಲ ಎಂದುಬಿಡಬಹುದಿತ್ತು. ಆ ಸಂಶಯ ಅವರ ಮನಸ್ಸಿನೊಳಗಿನದು, ಹೊರಗೆ ಸಾಕ್ಷಿಯಿರಲಿಲ್ಲ. ಸುಲಭಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತದ್ದು ಬಳೆಯ ಸದ್ದಿನಿಂದ ಗೊತ್ತಾಯಿತು.

“ಬಂದಿತ್ರಿ,” ಎಂದರು ತಡಕೋಡರು. “ಟೇಪ್ ಹಚ್ಚೂದು ನೋಡಕೋತ ನಿಂತಿದ್ದೆ. ಆಮ್ಯಾಲೆ ತೋಟಕ್ಕ ಹೋದೆ.”

ಹೊರಗೆ ಕೋಚಿಂಗ್ ಹುಡುಗರ ಬೈಕುಗಳು ಹಾದುಹೋದವು.

“ಕಣ್ಣಿನ ಸಲುವಾಗಿ ನಾ ನಿಮ್ಮನ್ನ ತಗೀತಿದ್ದಿಲ್ಲ,” ಎಂದರು ಅನ್ನಾ ಮೇಡಮ್. “ಹೇಳಿದ್ರ ಜೋಡಿಗೆ ಇನ್ನೊಬ್ಬರನ್ನ ಕೊಡ್ತಿದ್ದೆ. ಆದರ ಆ ಸುಮ್ಮನ ನಿಂತದ್ದಕ್ಕ ನಾ ಏನ ಮಾಡ್ಲಿ, ತಡಕೋಡರ? ಅದನ್ನ ತಿಳದ ಮ್ಯಾಲೆ ಮಕ್ಕಳನ್ನ ನಿಮ್ಮ ಕೈಯಾಗ ಹೆಂಗ ಕೊಡ್ಲಿ?”

ತಡಕೋಡರು ಒಳಗೆ ಹೋಗಿ ನೌಕೆಯ ಬೀಗದ ಕೈಗಳನ್ನು ತಂದು ಕೊಟ್ಟರು. ಮೇಡಮ್ ಮೆಟ್ಟಿಲಿಳಿಯುವಾಗ ಹಿಂದಿರುಗಿ ನೋಡಿ, ಇವತ್ತು ಇಲ್ಲ ಅಂದಿದ್ದರೆ ನಾನು ನಂಬುತ್ತಿದ್ದೆ ಎಂದರು. ಅದು ಮೆಚ್ಚುಗೆಯೋ, ದುಃಖವೋ ತಡಕೋಡರಿಗೆ ತಿಳಿಯಲಿಲ್ಲ.

ಇಷ್ಟಕ್ಕೆ ವಿಷಯ ಮುಗಿಯಬಹುದಿತ್ತು. ಆದರೆ ಸಂಕ್ರಾಂತಿ ಕಳೆದ ಮೇಲೆ ಗಾರ್ಗಿಯ ತಾಯಿ ಫೋನು ಮಾಡಿದರು. ದನಿ ಬಿಗಿಯಾಗಿತ್ತು. ನಿಮ್ಮನ್ನು ನಾವು ಕ್ಷಮಿಸಿಲ್ಲ, ಅದು ಬೇರೆ ಮಾತು ಎಂದು ಮೊದಲೇ ಹೇಳಿದರು. ಮಗಳು ರಾತ್ರಿ ದೀಪ ಆರಿಸಲು ಬಿಡುವುದಿಲ್ಲ. ಸರ್ ಯಾರಿಗೂ ಹೇಳದೆ ಇದ್ದದ್ದಕ್ಕೆ ಅವರ ಕೆಲಸ ಹೋಯಿತಂತೆ, ನಾನು ಬೆರಳಿಟ್ಟದ್ದಕ್ಕೇ ಹೋಯಿತು ಎಂದು ಅಳುತ್ತಾಳೆ. ಸರ್‌ಗೆ ಕಾಣಲಿಲ್ಲ ಎಂದರೆ ನಂಬುವುದಿಲ್ಲ, ಬೆಳಕು ನನ್ನ ಮೇಲಿತ್ತು ಎನ್ನುತ್ತಾಳೆ. ಕೊನೆಗೆ ತಾಯಿ ಹೇಳಬೇಕಾದದ್ದನ್ನು ಹೇಳಿದರು: ನೀವೇ ಬಂದು ಹೇಳಬೇಕು.

ತಡಕೋಡರಿಗೆ ಅಂದು ಸಂಗ್ರಹಾಲಯದ ಕೋಣೆಯಲ್ಲಿ ಆದದ್ದಕ್ಕಿಂತ ಹೆಚ್ಚು ಭಯವಾಯಿತು. ಆ ಒಂದು ಮಗುವಿನ ಲೆಕ್ಕದಲ್ಲಿ ಮಾತ್ರ ಅವರು ಇನ್ನೂ ಒಳ್ಳೆಯವರಾಗಿದ್ದರು. ಸುಲಭಾ ಕಚೇರಿಗೆ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು.

ಕೇಶ್ವಾಪುರದ ಆ ಮನೆಯ ಪಡಸಾಲೆಯಲ್ಲಿ ಗಾರ್ಗಿ ತಾಯಿಯ ಸೆರಗು ಹಿಡಿದು ನಿಂತಿದ್ದಳು. ತಡಕೋಡರು ಅವಳ ಮುಖಕ್ಕೆ ನೇರವಾಗಿ ಕೂತರು.

“ನಾ ನಿನ್ನ ನೋಡಿ ಸುಮ್ಮನ ಹೋಗ್ಲಿಲ್ಲ ತಂಗಿ,” ಎಂದರು. “ನೀ ನನಗ ಕಾಣಲೇ ಇಲ್ಲ. ಕಾಣಿಸಿದ್ರ ಎತ್ತಿಕೊಂಡ ಬರ್ತಿದ್ದೆ. ನನ್ನ ಕೆಲಸ ಹೋದದ್ದು ನಿನ್ನ ಬೆರಳಿಂದ ಅಲ್ಲ. ಕಣ್ಣು ಕಾಣೂದಿಲ್ಲ ಅಂತ ನಾ ಯಾರಿಗೂ ಹೇಳಿದ್ದಿಲ್ಲ, ಅದಕ್ಕ ಹೋತು.”

ಗಾರ್ಗಿ ಯೋಚಿಸಿದಳು. “ಈಗ ಕಾಣಸ್ತೇನೇನ್ರಿ?” ಎಂದಳು.

“ಮಾರಿ ಕಾಣಸ್ತದ.”

ಅವಳು ಸೆರಗು ಬಿಟ್ಟು ಒಂದು ಹೆಜ್ಜೆ ಬದಿಗೆ ಸರಿದಳು. ಈಗ? ಇಲ್ಲ ಎಂದರು. ಇನ್ನೊಂದು ಕಡೆಗೆ ಹೋದಳು. ಇಲ್ಲ. ಅವಳಿಗೆ ಆಶ್ಚರ್ಯವಾಯಿತು, ತಾನು ಎಲ್ಲಿಗೂ ಹೋಗಿರಲಿಲ್ಲ, ಅವರ ಮುಂದೆಯೇ ಇದ್ದಳು. ಬೆರಳೆತ್ತಿ ಅವರ ಕಿವಿಯ ಹತ್ತಿರದಿಂದ ನಿಧಾನವಾಗಿ ಮೂಗಿನ ನೇರಕ್ಕೆ ತಂದಳು. ಬಂತು ಎಂದು ಅವರು ಹೇಳಿದಲ್ಲಿ ನಿಲ್ಲಿಸಿದಳು. ಹಾಗೆ ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ ತಂದು ನೋಡಿದಳು. ಕೊನೆಗೆ ಎರಡೂ ಕೈ ಕೂಡಿಸಿ ಗಾಳಿಯಲ್ಲಿ ಒಂದು ಸಣ್ಣ ದುಂಡು ಮಾಡಿದಳು, ತಾಟಿಗಿಂತ ಸಣ್ಣದು.

“ಅವ್ವಾ, ಇಷ್ಟ ಕಾಣಸ್ತದ ಸರ್‌ಗೆ,” ಎಂದಳು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು, “ಮತ್ತ ಯಾಕ ಬ್ಯಾಟರಿ ಹಿಡಕೊಂಡ ನೀವೊಬ್ಬರ ಬಂದ್ರಿ?”

ತಡಕೋಡರು ತಪ್ಪಾಯಿತು ಎಂದರು. ಗಾರ್ಗಿ ತಲೆಯಾಡಿಸಿದಳೋ ಇಲ್ಲವೋ ಅವರಿಗೆ ಕಾಣಲಿಲ್ಲ. ತಾಯಿ ಒಳಗೆ ಹೋಗಿ ಚಹಾ ತಂದರು, ಕಪ್ಪನ್ನು ಅವರ ಕೈಗೆ ಮುಟ್ಟಿಸಿ ಕೊಟ್ಟರು.

ಆ ಬೇಸಿಗೆಯಲ್ಲಿ ತಡಕೋಡರು ಅಂಗವಿಕಲರ ತರಬೇತಿ ಕೇಂದ್ರವೊಂದಕ್ಕೆ ಸೇರಿ ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿತರು. ಜೂನ್‌ನಿಂದ ಮನೆಯಲ್ಲೇ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳತೊಡಗಿದರು. ಹೊಸಬರು ಬಂದಾಗ ಮೊದಲ ಮಾತೇ ಅದು: ನನಗೆ ಬದಿಗೆ ಕೂತವರು ಕಾಣುವುದಿಲ್ಲ, ಸಂದೇಹವಿದ್ದರೆ ಹೆಸರು ಹೇಳಿ ಮಾತಾಡಿ. ಈಗ ಅವರಿಗೆ ಎದುರಿನ ಮುಖವೂ ಮಸುಕಾಗುತ್ತಿದೆ. ಹುಡುಗರು ಬಾಗಿಲಿಗೆ ಬರುತ್ತಲೇ ತಮ್ಮ ಹೆಸರು ಹೇಳಿ ಒಳಬರುತ್ತಾರೆ.